ಗಡಿಯಾರ ಯಾರದು?

"ಎಡಕ್ಕೆ, ಎಡಕ್ಕೆ! ಅಯ್ಯೋ, ನಿಮ್ಮ ಎಡ ಅಲ್ಲ, ನನ್ನ ಎಡ!"

ಎರಡನೆಯ ಮಹಡಿಯ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಆ ಮೆಟ್ಟಿಲು ಕಟ್ಟಿದವನಿಗೆ ಜನ ಹತ್ತುವುದು ಇಳಿಯುವುದು ಗೊತ್ತಿತ್ತೇ ಹೊರತು, ಮಲಗಿಕೊಂಡು ಇಳಿಯುವವರೂ ಇರುತ್ತಾರೆ ಎಂಬುದು ಹೊಳೆದಿರಲಿಲ್ಲ. ನಾಲ್ಕು ಜನ ನಾಲ್ಕು ಮೂಲೆ ಹಿಡಿದು, ಒಬ್ಬರಿಗೊಬ್ಬರು ಬುದ್ಧಿ ಹೇಳುತ್ತ ಬೆವರುತ್ತಿದ್ದರು. ಅಷ್ಟರಲ್ಲಿ ಕೆಳಗಿನಿಂದ ಹತ್ತಿ ಬಂದ ಅಪರಿಚಿತನೊಬ್ಬ ಗೋಡೆಗೆ ಬೆನ್ನು ಹಚ್ಚಿ ದಾರಿ ಬಿಟ್ಟು ನಿಂತ.

"ದಾರಿ ಬಿಟ್ಟಿದ್ದು ಸಾಕು ಸ್ವಾಮಿ, ಈ ಮೂಲೆಗೆ ಒಂದು ಕೈ ಕೊಡಿ," ಎಂದರು ಮುಂದಿದ್ದ ದಪ್ಪ ಮನುಷ್ಯ. "ಇಲ್ಲಾಂದ್ರೆ ನನ್ನ ಸೊಂಟವೂ ಇವರ ಜೊತೇಲೇ ಹೊರಟುಬಿಡುತ್ತೆ."

ಅಪರಿಚಿತ ಕೈಚೀಲವನ್ನು ಮೆಟ್ಟಿಲ ಮೇಲಿಟ್ಟು ಹೆಗಲು ಕೊಟ್ಟ. ಪೆಟ್ಟಿಗೆಯಲ್ಲಿದ್ದವರ ಜೊತೆ ಅವನು ಹನ್ನೆರಡು ವರ್ಷ ದಿನಕ್ಕೆರಡು ಸಲ ಮಾತಾಡಿದ್ದ. ಮುಖವನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಈಗ ಮೊದಲು ಸಿಕ್ಕಿದ್ದು ಅವರ ಭಾರ, ಅದೂ ಅವನು ಅಂದುಕೊಂಡಿದ್ದಕ್ಕಿಂತ ಕಡಿಮೆಯಿತ್ತು.

ಪೆಟ್ಟಿಗೆಯನ್ನು ವ್ಯಾನಿಗೆ ಏರಿಸಿ ಚೀಲಕ್ಕೆಂದು ವಾಪಸು ಹತ್ತಿದಾಗ, ಸತ್ತವರ ಮಗಳು ಅದನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಊದಿಕೊಂಡಿದ್ದವು.

"ಇದು ನಿಮ್ದಾ? ನೀವು ಯಾರು ಅಂತ ಗೊತ್ತಾಗ್ಲಿಲ್ಲ."

"ನಾನು ಗಣಿ ಊರಿನ ಫೋನ್ ಸ್ಟೇಷನ್ನಲ್ಲಿದ್ದೆ ಅಮ್ಮಾ. ನಿಮ್ಮ ತಂದೆ ಇಲ್ಲಿ, ನಾನು ಅಲ್ಲಿ..."

"ಆಕಡೆಯವರು!" ಎಂದಳು ಅವಳು. ಅಳುತ್ತಿದ್ದ ಮುಖದಲ್ಲೇ ಸಣ್ಣ ನಗು ಬಂತು. "ಅಪ್ಪ ಊಟಕ್ಕೆ ಕೂತಾಗೆಲ್ಲ ನಿಮ್ಮ ಸುದ್ದಿ. 'ಆಕಡೆಯವನಿಗೆ ಇವತ್ತು ನೆಗಡಿ', 'ಆಕಡೆಯವನ ಮಗಳಿಗೆ ಹಲ್ಲು ಬಂತು'. ಚಿಕ್ಕವಳಿದ್ದಾಗ ನಾನು ಅದೇ ನಿಮ್ಮ ಹೆಸರು ಅಂದ್ಕೊಂಡಿದ್ದೆ."

ಅವಳ ಹಿಂದೆ ಅಡುಗೆಮನೆ ಕಾಣುತ್ತಿತ್ತು. ಬೆನ್ನು ತಿರುಗಿಸಿ ನಿಂತ ಹೆಂಗಸೊಬ್ಬರು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು. ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತರಾದ ಅವರನ್ನು ಬೀದಿಯಲ್ಲೆಲ್ಲ ನರ್ಸಮ್ಮ ಎಂದೇ ಕರೆಯುತ್ತಿದ್ದರು.

ಮಗಳು ದನಿ ಇಳಿಸಿದಳು. "ಅಮ್ಮ ಇನ್ನೂ ಮುಖ ನೋಡಿಲ್ಲ. ನಿನ್ನೆ ಬೆಳಿಗ್ಗೆ ಅಪ್ಪನ ಕೋಣೆ ಬಾಗಿಲಲ್ಲೇ ನಿಂತು, ಉಸಿರಿಲ್ಲ ಅಂತ ದೂರದಿಂದಲೇ ತಿಳ್ಕೊಂಡು ನನಗೆ ಫೋನ್ ಮಾಡಿದ್ರು. ಒಳಗೆ ಕಾಲಿಡಲಿಲ್ಲ. ಹದಿನಾಲ್ಕು ವರ್ಷದಿಂದ ಹಾಗೇ. ಒಂದೇ ಮನೆ, ಎರಡು ಕೋಣೆ. ಊಟ ಹಾಕಿ ಬಾಗಿಲು ತಟ್ಟೋರು, ಅಷ್ಟೆ. ಆ ಮಗುವಿನ ವಿಷಯ ನಿಮಗೆ ಗೊತ್ತಿರಬೇಕಲ್ಲ?"

"ಗೊತ್ತು," ಎಂದ ಆಕಡೆಯವನು.

ಮಗುವಿನ ವಿಷಯ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಆದರೆ ಎರಡು ಕೋಣೆಗಳ ವಿಷಯ ಗೊತ್ತಿರಲಿಲ್ಲ.

"ಹನ್ನೊಂದೂವರೆಗೆ ಚಿತಾಗಾರದಲ್ಲಿ ನಮ್ಮ ಸರದಿ. ಅಷ್ಟರೊಳಗೆ ಅಮ್ಮ ಒಂದ್ಸಲ ಮುಖ ನೋಡಿ ಕಳಿಸಿಬಿಟ್ರೆ ಸಾಕು. ಇಲ್ಲಾಂದ್ರೆ ನಾಳೆಯಿಂದ ಆ ಖಾಲಿ ಕೋಣೆ ಪಕ್ಕದಲ್ಲಿ ಹೇಗಿರ್ತಾರೆ? ನೀವು ದೊಡ್ಡವರು, ನೀವಾದ್ರೂ ಒಂದು ಮಾತು ಹೇಳಿ."

* * *

ಗಡಿಯಾರಪ್ಪ ಎಂಬುದು ಸತ್ತವರಿಗೆ ಆಫೀಸಿನವರು ಇಟ್ಟ ಹೆಸರು. ಪಟ್ಟಣದಾಚೆಯ ಬಯಲಿನಲ್ಲಿ ಆಕಾಶಕ್ಕೆ ಮುಖ ಮಾಡಿದ ದೊಡ್ಡ ಆಂಟೆನಾ, ಅದರ ಬುಡದಲ್ಲಿ ಯಾವಾಗಲೂ ತಣ್ಣಗಿರುವ ಒಂದು ಕೋಣೆ. ಅಲ್ಲಿಂದ ಉಪಗ್ರಹದ ಮೂಲಕ ನಲವತ್ತು ದೂರದ ಊರುಗಳಿಗೆ ಫೋನು ಹೋಗುತ್ತಿತ್ತು. ಪ್ರತಿ ಊರಿನಲ್ಲೂ ಒಂದು ಮೋಡೆಮ್, ಅದರ ಪಕ್ಕದಲ್ಲಿ ಊರಿನ ಫೋನುಗಳಿಗೆ ಮಾತು ಹಂಚುವ ಯಂತ್ರ. ಇಷ್ಟೂ ಯಂತ್ರಗಳು ಒಂದೇ ಗಡಿಯಾರದ ತಾಳಕ್ಕೆ ನಡೆಯಬೇಕು. ಆ ಗಡಿಯಾರ ಗಡಿಯಾರಪ್ಪನವರ ಕೋಣೆಯಲ್ಲಿತ್ತು.

ತೊಂದರೆಯೆಂದರೆ ಪ್ರತಿ ಮೋಡೆಮಿನ ಹೊಟ್ಟೆಯಲ್ಲೂ ಅದರದೇ ಒಂದು ಪುಟ್ಟ ಗಡಿಯಾರ ಇರುತ್ತದೆ. ಕಾರ್ಖಾನೆಯಿಂದ ಬರುವಾಗ ಹೊಸ ಮೋಡೆಮ್ 'ನನ್ನ ಗಡಿಯಾರ ನನಗೆ' ಎಂದುಕೊಂಡೇ ಬರುತ್ತದೆ. 'ಕೇಂದ್ರದ ಗಡಿಯಾರವನ್ನು ಹಿಂಬಾಲಿಸು' ಎಂದು ಅದಕ್ಕೆ ಕೂರಿಸುವವರೇ ಹೇಳಿಕೊಡಬೇಕು. ಹೇಳದೆ ಬಿಟ್ಟರೂ ದೀಪವೆಲ್ಲ ಹಸಿರೇ, ಮಾತೆಲ್ಲ ಸ್ಪಷ್ಟವೇ.

"ನಡುವೆ ಒಂದು ತೊಟ್ಟಿ ಇದೆ ಅಂದ್ಕೋ," ಎಂದು ಗಡಿಯಾರಪ್ಪ ಮೊದಲ ವಾರವೇ ಆಕಡೆಯವನಿಗೆ ಫೋನಿನಲ್ಲಿ ಪಾಠ ಹೇಳಿದ್ದರು. "ನಾನು ಸುರೀತೀನಿ, ನೀನು ಮೊಗೀತೀಯ. ಇಬ್ಬರ ಕೈಯೂ ಒಂದೇ ವೇಗ ಇದ್ರೆ ತೊಟ್ಟಿ ಅರ್ಧಕ್ಕೇ ನಿಂತಿರುತ್ತೆ. ನಿನ್ನ ಕೈ ಕೂದಲೆಳೆಯಷ್ಟು ನಿಧಾನ ಆಯ್ತೋ, ಇವತ್ತಲ್ಲ ನಾಳೆ ತುಂಬಿ ಚೆಲ್ಲುತ್ತೆ. ಚೆಲ್ಲಿದಾಗ ಊರಿಗೆ ಊರೇ ಮಾತು ಕಟ್. ಮೂರೇ ಸೆಕೆಂಡು. ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ದೀಪ ಹಸಿರು."

ಅದಕ್ಕೆ ಅವರು ಬಿಕ್ಕಳಿಕೆ ಎನ್ನುತ್ತಿದ್ದರು. ಬಿಕ್ಕಳಿಕೆ ಬರದಂತೆ ಒಂದು ನಿಯಮವಿತ್ತು. ಊರಿನಲ್ಲಿ ಮೋಡೆಮ್ ಬದಲಾದಾಗಲೆಲ್ಲ ಕೇಂದ್ರದವರು ಕೆಲಸಗಾರರ ಫೋನಿನಲ್ಲಿ ಕೇಳಬೇಕು: "ಗಡಿಯಾರ ಯಾರದು?" ಊರಿನವನು ಪರದೆ ನೋಡಿ, ಓದಿ, ಹೇಳಬೇಕು: "ನಿಮ್ಮದೇ." ಕೇಳದಿದ್ದರೆ ತಪ್ಪು ಕೇಂದ್ರದ್ದು. ಕೇಳಿದ ಮೇಲೂ ಸುಳ್ಳು ಉತ್ತರ ಕೊಟ್ಟರೆ ತಪ್ಪು ಊರಿನವನದ್ದು.

ದನಿ ಆಕಾಶಕ್ಕೆ ಹೋಗಿ ಇಳಿಯಬೇಕಾದ್ದರಿಂದ ಒಬ್ಬರು ಕೇಳಿದ ಮೇಲೆ ಉತ್ತರಕ್ಕೆ ಅರೆಕ್ಷಣ ಸುಮ್ಮನಿರಬೇಕಿತ್ತು. ಇಬ್ಬರಿಗೂ ಅದು ರೂಢಿಯಾಗಿ, ಎದುರಿಗೆ ಕೂತವರ ಜೊತೆಯೂ ಅರೆಕ್ಷಣ ತಡೆದೇ ಮಾತಾಡುವಂತಾಗಿದ್ದರು. ಆಕಡೆಯವನ ಹೆಂಡತಿ ಇದನ್ನು 'ಗರ ಬಡಿದಿದೆ' ಎಂದು ತಮಾಷೆ ಮಾಡುತ್ತಿದ್ದಳು.

ಬರಬರುತ್ತ ಆ ಪ್ರಶ್ನೆ ನಮಸ್ಕಾರವಾಯಿತು. ಬೆಳಿಗ್ಗೆ ಕೆಲಸಕ್ಕೆ ಬಂದೊಡನೆ, ಯಾವ ಮೋಡೆಮನ್ನೂ ಮುಟ್ಟದ ದಿನವೂ, "ಏನಪ್ಪಾ ಆಕಡೆಯವನೇ, ಗಡಿಯಾರ ಯಾರದು?" "ನಿಮ್ಮದೇ ಸಾರ್, ಇನ್ಯಾರದು!" ಆಮೇಲೆ ನೆಗಡಿ, ಹಲ್ಲು, ಚಳಿ. ಕೆಟ್ಟದ್ದು ಅಲ್ಲೇ. ನಮಸ್ಕಾರಕ್ಕೆ ಯಾರೂ ಪರದೆ ನೋಡಿ ಉತ್ತರ ಕೊಡುವುದಿಲ್ಲ.

* * *

ವ್ಯಾನಿನಲ್ಲಿ ದಪ್ಪ ಮನುಷ್ಯ ಪೆಟ್ಟಿಗೆಯ ಒಂದು ಬದಿ, ಆಕಡೆಯವನು ಇನ್ನೊಂದು ಬದಿ ಕೂತರು. ಮಗಳು ಮತ್ತು ನರ್ಸಮ್ಮ ಹಿಂದಿನ ಕಾರಿನಲ್ಲಿದ್ದರು.

"ನಾನು ಬ್ಯಾಟರಿ ಕೋಣೆಯವನು," ಎಂದರು ದಪ್ಪ ಮನುಷ್ಯ. "ಆ ಗಲಾಟೆ ಆದ ಮೇಲೆ ಇವರನ್ನ ನನ್ನ ಹತ್ರಾನೇ ಹಾಕಿದ್ರು. ನಿವೃತ್ತಿಯಾಗೋವರೆಗೂ ಏಳು ವರ್ಷ ಬ್ಯಾಟರಿಗೆ ನೀರು ಹೊಯ್ದರು. ನಲವತ್ತು ಊರಿನ ಗಡಿಯಾರ ನೋಡ್ಕೊಂಡ ಕೈ! ಒಂದು ದಿನ ಗೊಣಗಲಿಲ್ಲ."

"ಹೂಂ."

"ಕೇಳೋದು ಮರೆತೆ ಅಂತ ಬರೆದುಕೊಟ್ರಂತೆ. ನಾನಂತೂ ನಂಬಲ್ಲ. ಕ್ಯಾಂಟೀನಿನವನು ಹಾಲಿನ ಕುಕ್ಕರ್ ಬದಲಾಯಿಸಿದ್ರೂ 'ಗಡಿಯಾರ ಯಾರದು' ಅಂತ ಕೇಳ್ತಿದ್ದ ಆಸಾಮಿ, ಮೋಡೆಮ್ ಬದಲಾಯಿಸಿದ ದಿನ ಕೇಳದೆ ಇರ್ತಾರಾ? ಏನೋ ಇದೆ ಅದರಲ್ಲಿ. ಬೆಂಕಿಯಿಲ್ಲದೆ ಹೊಗೆ ಆಡಲ್ಲ." ಅವರು ಪೆಟ್ಟಿಗೆಯ ಮೇಲಿನ ದೂಳನ್ನು ಅಂಗೈಯಿಂದ ಒರೆಸಿದರು. "ನೀವು ಅದೇ ಸ್ಟೇಷನ್ನವರಲ್ವಾ? ಅವತ್ತು ಡ್ಯೂಟಿ ನಿಮ್ದೇನಾ?"

ಆಕಡೆಯವನು ಅರೆಕ್ಷಣ ತಡೆದ.

"ಇಲ್ಲ. ರಜೆ ಮೇಲಿದ್ದೆ."

ಹೆಣದ ಎದುರಿಗೆ, ಹೆಣಕ್ಕೆ ಮೊಣಕಾಲು ತಾಗಿಸಿಕೊಂಡು ಹೇಳಿದ ಸುಳ್ಳು. ರಾತ್ರಿಯಿಡೀ ಎರಡು ಬಸ್ಸು ಬದಲಿಸಿ ಅವನು ಬಂದಿದ್ದದ್ದು ನಿಜ ಹೇಳಲೆಂದು. ಮೊದಲು ಕೇಳಿದವರಿಗೇ ಬಾಯಿಂದ ಬಂದದ್ದು ಇದು. ಹೊರಗೆ ಅಂಗಡಿಗಳ ಬಾಗಿಲು ತೆರೆಯುತ್ತಿದ್ದವು. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

* * *

ಹದಿನಾಲ್ಕು ವರ್ಷದ ಹಿಂದಿನ ಮಾತು. ಅವತ್ತು ಸೋಮವಾರ. ಮಧ್ಯಾಹ್ನ ನಾಲ್ಕಕ್ಕೆ ಆಕಡೆಯವನು ಕೆಟ್ಟ ಮೋಡೆಮ್ ತೆಗೆದು ಹೊಸದನ್ನು ಕೂರಿಸಿದ. ಸಂಖ್ಯೆಗಳನ್ನೆಲ್ಲ ತುಂಬಿದ, ದೀಪ ಹಸಿರಾಯಿತು. ಮಗಳಿಗೆ ಜ್ವರ, ಬೇಗ ಮನೆಗೆ ಹೋಗಬೇಕಿತ್ತು. ಫೋನು ಬಂತು.

"ಗಡಿಯಾರ ಯಾರದು?"

"ನಿಮ್ಮದೇ ಸಾರ್, ಇನ್ಯಾರದು!"

ಆಗ ಪರದೆಯಲ್ಲಿ ಬೇರೆ ಪುಟ ಇತ್ತು. ಎರಡು ಗುಂಡಿ ಒತ್ತಿದ್ದರೆ ಗಡಿಯಾರದ ಪುಟ ಬರುತ್ತಿತ್ತು. ಅವನು ಒತ್ತಲಿಲ್ಲ, ಜಾಕೆಟ್ಟು ಹಾಕಿಕೊಂಡ.

ತೊಟ್ಟಿ ತುಂಬತೊಡಗಿತು. ಮೊದಲ ಬಿಕ್ಕಳಿಕೆ ಮಂಗಳವಾರ ಬೆಳಗಿನ ಜಾವ ಮೂರಕ್ಕೆ, ಊರೆಲ್ಲ ಮಲಗಿದ್ದಾಗ. ಆಮೇಲೆ ಇಪ್ಪತ್ತೆರಡು ಗಂಟೆಗೊಂದು. ಮಂಗಳವಾರ ಕಳೆದು ಬುಧವಾರ ಹುಟ್ಟುವ ರಾತ್ರಿ ಒಂದಕ್ಕೆ, ಅದೇ ಬುಧವಾರ ರಾತ್ರಿ ಹನ್ನೊಂದಕ್ಕೆ. ಗುರುವಾರ ರಾತ್ರಿ ಒಂಬತ್ತಕ್ಕೆ, ಶುಕ್ರವಾರ ಸಂಜೆ ಏಳಕ್ಕೆ. ದಿನಕ್ಕೆರಡು ಗಂಟೆಯಂತೆ ಅದು ಜನ ಎಚ್ಚರವಾಗಿರುವ ಹೊತ್ತಿಗೆ ಸರಿದು ಬರುತ್ತಿತ್ತು. ಫೋನು ಕಟ್ಟಾದವರು ಬೈದುಕೊಂಡು ಮತ್ತೆ ಮಾಡಿದರು. ಯಾರೂ ದೂರು ಕೊಡಲಿಲ್ಲ.

ಶನಿವಾರ ಸಂಜೆ ಐದಕ್ಕೆ ಗಣಿ ಊರಿನ ಸಣ್ಣ ಆಸ್ಪತ್ರೆಯಲ್ಲಿ ಒಂದು ಮಗು ಹುಟ್ಟಿತು, ಉಸಿರಾಡಲಿಲ್ಲ. ಡಾಕ್ಟರು ಇರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ್ದ ನರ್ಸು ಪಟ್ಟಣದ ಡಾಕ್ಟರ ಜೊತೆ ಫೋನಿನಲ್ಲಿದ್ದಳು. ಅವರು ಒಂದೊಂದೇ ಹೇಳುತ್ತಿದ್ದರು, ಇವಳು ಒಂದೊಂದೇ ಮಾಡುತ್ತಿದ್ದಳು. ನಡುವೆ ಬಿಕ್ಕಳಿಕೆ ಬಂತು. ಮೂರೇ ಸೆಕೆಂಡು. ಆದರೆ ಮಾತು ಕಟ್ಟಾದ ಊರಿನ ಜನರೆಲ್ಲ ಒಟ್ಟಿಗೇ ಮತ್ತೆ ಫೋನು ತಿರುಗಿಸಿದ್ದರಿಂದ ನರ್ಸಿಗೆ ಲೈನು ಸಿಗಲು ಹನ್ನೊಂದು ನಿಮಿಷ ಹಿಡಿಯಿತು. ಅಷ್ಟು ಹೊತ್ತು ಆ ಮಗುವಿಗೆ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಗಡಿಯಾರಪ್ಪನವರ ಫೋನು ಬಂದಾಗ ಆಕಡೆಯವನು 'ಸ್ವಂತ ಗಡಿಯಾರ' ಎಂದು ತೋರಿಸುತ್ತಿದ್ದ ಪುಟದ ಮುಂದೆ ಕೂತು ಅಳುತ್ತಿದ್ದ.

"ನೋಡಿದ್ಯಾ?"

"ನೋಡಿದೆ ಸಾರ್. ನಾನೇ... ನಾನು ನೋಡದೆ..."

"ಬಾಯಿ ಮುಚ್ಚು. ಈ ಮಾತು ಇನ್ನೊಂದು ಸಲ ಯಾರ ಹತ್ರಾನೂ ಆಡಬೇಡ. ನಾನು ಕೇಳೋದು ಮರೆತೆ ಅಂತ ಬರೆದುಕೊಡ್ತೀನಿ. ವಿಚಾರಣೆಯವರು ಕೇಳಿದ್ರೆ ನೀನೂ, ಅವರು ಕೇಳಲಿಲ್ಲ ಅಂತಾನೇ ಹೇಳು."

"ಯಾಕೆ ಸಾರ್?"

ಅರೆಕ್ಷಣ ಮೌನ. ಆಮೇಲೆ ಆ ದನಿ ಇಳಿದು ಬಂತು. "ನೀನು ಆ ಊರಲ್ಲಿ ಬದುಕಬೇಕಲ್ಲಪ್ಪಾ. ಆ ತಾಯಿ ಇರೋದು ನಿನ್ನ ಬೀದೀಲಿ. ಗೊತ್ತಾದ್ರೆ ನಿನ್ನ ಹೆಂಡತಿ ಮಗಳನ್ನ ಜನ ಬಿಡ್ತಾರಾ? ನಾನು ಇಲ್ಲಿದೀನಿ, ಆರುನೂರು ಕಿಲೋಮೀಟರ್ ದೂರ. ಬಡ್ತಿ ತಪ್ಪುತ್ತೆ ಅಷ್ಟೆ. ನನ್ನನ್ನ ಇಲ್ಲಿ ಯಾರು ಏನು ಮಾಡ್ತಾರೆ?"

ವಿಚಾರಣೆಯವರು ಫೋನಿನಲ್ಲೇ ಕೇಳಿದರು: ಕೇಂದ್ರದವರು ನಿಮ್ಮನ್ನು ಕೇಳಿದರೇ? ಆಕಡೆಯವನು 'ಇಲ್ಲ' ಎಂದ. ಆಮೇಲೆ ಗಡಿಯಾರಪ್ಪನವರಿಗೆ ಒಂದು ಸಲವೂ ಫೋನು ಮಾಡಲಿಲ್ಲ. ಮೊದಲು ನಾಚಿಕೆ ಅಡ್ಡ ಬಂತು, ಆಮೇಲೆ ಇಷ್ಟು ದಿನ ಮಾಡಲಿಲ್ಲವಲ್ಲ ಎಂಬ ನಾಚಿಕೆ.

* * *

ಚಿತಾಗಾರದ ಹೊರಗಿನ ಹಜಾರದಲ್ಲಿ ಉದ್ದದ ಕಬ್ಬಿಣದ ಬೆಂಚು. ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹೊತ್ತುಗಳು. ಹತ್ತೂವರೆಯ ಮುಂದೆ ಗೀಟು ಎಳೆದಾಗಿತ್ತು. ನರ್ಸಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವರಂತೆ ನೇರ ಕೂತಿದ್ದರು. ಮಗಳು ಆಕಡೆಯವನನ್ನು 'ಗಣಿ ಊರಿನವರು' ಎಂದು ತಿಳಿಸಿ ಅಲ್ಲಿ ಕೂರಿಸಿ, ಕಣ್ಣಲ್ಲೇ ಬೇಡಿಕೊಂಡು, ಕಾಗದಪತ್ರಕ್ಕೆ ಸಹಿ ಹಾಕಲು ಹೋದಳು. ಹನ್ನೊಂದು ಗಂಟೆ ಹತ್ತು ನಿಮಿಷ.

ಮೊದಲು ಮಾತಾಡಿದವರು ನರ್ಸಮ್ಮನೇ. "ಆ ತಾಯಿ ಈಗ ಹೇಗಿದಾಳೆ?"

ಅವನು ಇದನ್ನು ನಿರೀಕ್ಷಿಸಿರಲಿಲ್ಲ. "ಇದಾರೆ ಅಮ್ಮಾ. ಹೊಲಿಗೆ ಅಂಗಡಿ ಇಟ್ಕೊಂಡಿದಾರೆ."

"ಆಮೇಲೆ ಮಕ್ಕಳಾದ್ವಾ?"

"ಇಲ್ಲ. ನನ್ನ ಮಗಳ ಶಾಲೆ ಬಟ್ಟೆ ಅವರೇ ಹೊಲೀತಿದ್ರು. ಪ್ರತಿ ವರ್ಷ. ಎಷ್ಟು ಉದ್ದ ಆಗಿದಾಳೆ ನೋಡಿ ಅಂತ ಅಳತೆ ತಗೊಂಡು ನಗೋರು."

ನರ್ಸಮ್ಮ ತಲೆಯಾಡಿಸಿದರು. "ಮೂವತ್ತೊಂದು ವರ್ಷ ನಾನು ಮಾಡಿದ್ದೂ ಅಲ್ಲಿನ ಆ ನರ್ಸಿನ ಕೆಲಸಾನೇ. ಉಸಿರಿಲ್ಲದೆ ಹುಟ್ಟಿದ ಮಗುಗೆ ನಾಲ್ಕು ನಿಮಿಷ ಇರುತ್ತೆ. ಐದಲ್ಲ. ಈ ಎರಡು ಕೈಯಲ್ಲಿ ಎಷ್ಟನ್ನ ವಾಪಸು ಕರೆದಿದೀನೋ ಲೆಕ್ಕ ಇಟ್ಟಿಲ್ಲ. ಇವರೇನು ಬೆಟ್ಟ ಅಗೀಬೇಕಿತ್ತಾ? ಒಂದು ಮಾತು ಕೇಳ್ಬೇಕಿತ್ತು. ಎರಡೇ ಪದ. ಯಾಕೆ ಕೇಳಲಿಲ್ಲ ಅಂದೆ. ಕಲ್ಲಿನ ಹಾಗೆ ಸ್ವಲ್ಪ ಹೊತ್ತು ಸುಮ್ಮನಿದ್ದು 'ಮರೆತೆ' ಅಂದ್ರು. ಮರೆತೆ! ಕೊಡೆ ಮರೆತ ಹಾಗೆ. ಸುಳ್ಳಾದ್ರೂ ಒಂದು ಹೇಳಬಾರದಿತ್ತಾ ನನಗೆ? ಹೇಳಿದ್ರೆ ನಂಬಿಬಿಡ್ತಿದ್ದೆ. ನಂಬೋಕೆ ಕಾಯ್ತಾನೇ ಇದ್ದೆ."

"ಅಮ್ಮಾ, ನಾನೊಂದು ಮಾತು..."

ಅವರು ತಿರುಗಿ ನೋಡಿದರು. ಅಳುವ ಕಣ್ಣಾಗಿದ್ದರೆ ಅವನು ಹೇಳಿಬಿಡುತ್ತಿದ್ದನೇನೋ. ಅವು ಒಣಗಿದ್ದವು, ನಾಡಿ ಎಣಿಸುವವರ ಕಣ್ಣಿನಂತೆ ಅವನ ಮೇಲೆ ನಿಂತವು. ಅವನ ಮಾತು ನಾಲಗೆಯ ಬುಡಕ್ಕೆ ಹಿಂದಿರುಗಿತು.

"ಹನ್ನೊಂದೂವರೆಯವರು!" ನೀಲಿ ಕೋಟು ತೊಟ್ಟ ನೌಕರ ಬಾಗಿಲಿಗೆ ಬಂದ. "ಮುಖ ನೋಡೋರು ಈಗಲೇ ನೋಡ್ಬಿಡಿ. ಬಾಗಿಲು ಹಾಕಿದ್ರೆ ಮತ್ತೆ ತೆಗೆಯೋಕಾಗಲ್ಲ."

ಮಗಳು ಬಂದು ತಾಯಿಯ ಮುಂದೆ ಮೊಣಕಾಲೂರಿದಳು. "ಅಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ. ಒಂದೇ ಒಂದ್ಸಲ."

"ನೀನು ನೋಡು ಹೋಗು ಕಂದಾ. ನಾನು ಬರಲ್ಲ."

ಮಗಳು ಆಕಡೆಯವನ ಮುಖ ನೋಡಿದಳು. ಅವನು ನೆಲ ನೋಡಿದ. ಎಲ್ಲ ಮುಗಿಯಲಿ, ಆಮೇಲೆ ಮನೆಯಲ್ಲಿ ಸಮಾಧಾನವಾಗಿ ಹೇಳಿದರಾಯಿತು, ಈಗ ಹೇಳಿದರೆ ಎದೆ ಒಡೆದುಕೊಂಡಾರು ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡ. ಹೇಡಿಗೆ ಯಾವತ್ತೂ ನಾಳೆಯೇ ಒಳ್ಳೆಯ ದಿನ. ಅವನು ಎದ್ದು, ಮಗಳ ಮತ್ತು ಬ್ಯಾಟರಿಯವರ ಹಿಂದೆ ಒಳಗೆ ಹೋದ.

ಮುಚ್ಚಳ ತೆಗೆದಿದ್ದರು. ಆ ದನಿಗೆ ಅವನು ಇಷ್ಟು ವರ್ಷ ದುಂಡು ಮುಖ, ದಪ್ಪ ಮೀಸೆ ಕೊಟ್ಟುಕೊಂಡಿದ್ದ. ಇಲ್ಲಿದ್ದದ್ದು ಸಣ್ಣ ಮುಖ, ಮೀಸೆ ಇರಲಿಲ್ಲ, ಯಾರೋ ಅವಸರದಲ್ಲಿ ಕ್ಷೌರ ಮಾಡಿ ಗಲ್ಲದ ಮೇಲೆ ಗೀರಿದ್ದರು. ಬೀದಿಯಲ್ಲಿ ಎದುರಾಗಿದ್ದರೆ ಗುರುತು ಹಿಡಿಯುತ್ತಿರಲಿಲ್ಲ. 'ನನ್ನನ್ನ ಇಲ್ಲಿ ಯಾರು ಏನು ಮಾಡ್ತಾರೆ' ಎಂದದ್ದು ಈ ಬಾಯಿ.

ನೌಕರ ಗುಂಡಿ ಒತ್ತಿದ. ಪೆಟ್ಟಿಗೆ ಹಳಿಯ ಮೇಲೆ ಒಳಗೆ ಸರಿಯಿತು, ಕಬ್ಬಿಣದ ಬಾಗಿಲು ಮೇಲಿನಿಂದ ಇಳಿದು ಕೂತಿತು. ಮಗಳು ಕಿರುಚಲಿಲ್ಲ. "ಅಮ್ಮ ನೋಡಲಿಲ್ಲ ಅಪ್ಪಾ," ಎಂದು ಮುಚ್ಚಿದ ಬಾಗಿಲಿಗೆ ಹೇಳಿದಳು, ಸಣ್ಣ ಮಗು ದೂರು ಹೇಳಿದಂತೆ.

ಅದನ್ನು ಕೇಳಿದ ಮೇಲೆ ಆಕಡೆಯವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ನರ್ಸಮ್ಮನ ಮುಂದೆ ನಿಂತ.

"ಕೇಳಿದ್ರು."

"ಏನು?"

"ಕೇಳಿದ್ರು ಅಮ್ಮಾ. ಗಡಿಯಾರ ಯಾರದು ಅಂತ ಸೋಮವಾರಾನೇ ಕೇಳಿದ್ರು. ನಾನೇ ಪರದೆ ನೋಡದೆ ನಿಮ್ಮದೇ ಅಂದೆ. ಅವರು ಮರೀಲಿಲ್ಲ. ನನ್ನನ್ನ ಉಳಿಸೋಕೆ ಮರೆತೆ ಅಂತ ಬರೆದುಕೊಟ್ರು. ನಾನೂ ಹೌದು ಅಂದೆ."

ಬಾಗಿಲಲ್ಲಿ ಬಂದು ನಿಂತಿದ್ದ ಮಗಳೂ, ಬ್ಯಾಟರಿಯವರೂ ಕೇಳಿಸಿಕೊಂಡಿದ್ದರು. ಬ್ಯಾಟರಿಯವರು "ಅಯ್ಯೋ ಪಾಪಿ" ಎಂದರು. ಯಾರಿಗೆ ಎಂದು ಹೇಳಲಿಲ್ಲ.

"ನೀನು ಇಲ್ಲೇ ಕೂತಿದ್ಯಲ್ಲೋ," ಎಂದರು ಕೊನೆಗೆ ನರ್ಸಮ್ಮ. ನೀವು ಹೋಗಿ ನೀನು ಆಗಿತ್ತು, ದನಿ ಮಾತ್ರ ಏರಲಿಲ್ಲ. "ಈಗ ತಾನೇ. ನನ್ನ ಪಕ್ಕದಲ್ಲಿ. ಬಾಗಿಲು ತೆಗೆದೇ ಇತ್ತು."

"ಅಮ್ಮಾ, ನನ್ನ..."

"ಹದಿನಾಲ್ಕು ವರ್ಷ ಬಿಡು. ಅದು ಅವರು ಕೊಟ್ಟಿದ್ದು ನಿನಗೆ. ಈ ಹತ್ತು ನಿಮಿಷ ಯಾರು ಕೊಟ್ರು?"

ನರ್ಸಮ್ಮ ಎದ್ದರು. ಮಗಳು ಹಿಡಿಯಲು ಬಂದಾಗ ಅವಳ ಕೈ ಸರಿಸಿ ಒಳಗೆ ನಡೆದರು. ನೌಕರ ಅಡ್ಡ ಬಂದ.

"ಅಮ್ಮಾ, ಈಗ ತೆಗೆಯೋಕಾಗಲ್ಲ. ಆಗಲೇ ಹೇಳಿದ್ನಲ್ಲ."

"ಗೊತ್ತಪ್ಪಾ. ತೆಗೀಬೇಡ."

ಅವನು ಪಕ್ಕಕ್ಕೆ ಸರಿದ. ನರ್ಸಮ್ಮ ಚೀಲವನ್ನು ನೆಲಕ್ಕಿಟ್ಟರು. ಬಾಗಿಲಿಗೆ ತೀರ ಹತ್ತಿರ ಹೋಗಿ, ಬಲಗೈಯ ಹಿಂಬದಿಯನ್ನು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ, ಕಬ್ಬಿಣಕ್ಕೆ ತಾಗಿಸಿದರು. ಒಳಗಿನ ಮೊರೆತ ಜೋರಾಗುತ್ತಿತ್ತು. "ಅಮ್ಮಾ, ಬಿಸಿ ಏರುತ್ತೆ, ಕೈ ತೆಗೀರಿ," ಎಂದ ನೌಕರ. ಮಗಳು ಓಡಿ ಬಂದು ತೋಳು ಹಿಡಿದು ಎಳೆದಳು. ಕೈ ಬರಲಿಲ್ಲ. ಬೆರಳ ಗೆಣ್ಣುಗಳು ಕೆಂಪಾಗತೊಡಗಿದ್ದವು.